ಷರಾ

ಮುಂಜಾನೆ ಆರೂವರೆಗೆ
ಹಿನ್ನೀರಿನ ಅಳತೆಗಲ್ಲಿನ ಮುಂದೆ ನಿಂತು
ನೀರು ಎಷ್ಟು ಇಳಿಯಿತೆಂದು ಬರೆಯುವುದು ನನ್ನ ನೌಕರಿ.
ತಾರೀಖು, ವೇಳೆ, ಮಟ್ಟ, ಸಹಿ.
ಕಟ್ಟಕಡೆಗೆ ಒಂದು ಕಾಲಮ್ಮು: ಷರಾ.
ಹನ್ನೊಂದು ವರ್ಷ ಅದರಲ್ಲಿ ‘ಏನೂ ಇಲ್ಲ’ ಎಂದು ಬರೆದೆ,
ಕೆಲವು ದಿನ ಕಣ್ಣುಜ್ಜಿಕೊಳ್ಳುವ ಮೊದಲೇ.

ಈ ಮಾಘದಲ್ಲಿ ಯಾಕೋ ಕೈ ಕೇಳಲಿಲ್ಲ.
ಮಟ್ಟ: ನಿನ್ನೆಗಿಂತ ನಾಲ್ಕು ಬೆರಳು ಕಡಿಮೆ.
ಷರಾ: ಕರ್ಕರ ಹಕ್ಕಿ, ಅಂದಾಜು ಮುನ್ನೂರು.
ಹೆರಕಲ್ಲಿನ ಕಡಲೆ ಹೊಲಕ್ಕೆ ಹೊರಡುವ ಮುಂಚೆ
ಮೊಳಕಾಲುದ್ದ ನೀರಿನಲ್ಲಿ ನಿಂತಿದ್ದವು,
ಮುಕಾದಮ ಬರಲೆಂದು ಕಾಯುವ ಕೂಲಿಯವರ ಹಾಗೆ,
ಒಂದೊಂದೇ ಕೆಮ್ಮುತ್ತ.

ನೀರು ಇಳಿದಷ್ಟು ನೆಲ ಏಳುತ್ತದೆ ಇಲ್ಲಿ.
ಮೊದಲು ಬೇಲಿಯ ಬೋಳು ಕಂಬ,
ಆಮೇಲೆ ಒಂದು ಒರಳು, ಬಾಯಿ ತುಂಬ ಕೆಸರು,
ಬಾವಿಯ ಕಟ್ಟೆ, ಮೂರು ಮೆಟ್ಟಿಲು. ಯಾವ ಮನೆಗೆ ಹತ್ತುತ್ತಿದ್ದವೋ.
ಎರೆಮಣ್ಣು ಬಿರಿಯುತ್ತದೆ.
ಬಿರುಕಿನೊಳಗಿಂದ ಒಂದು ದಿನ ನೇರಿಳೆ ಹೂವು,
ಗುಂಡುಸೂಜಿಯ ತಲೆಗಿಂತ ಒಂದಿಷ್ಟೇ ದೊಡ್ಡದು.

ಯಮನವ್ವ ಆಡು ಹೊಡಕೊಂಡು ಬಂದಳು.
“ಇದ್ಯಾವ ಹೂವಬೇ?”
“ನಾವೂ ಕೇಳಿಲ್ಲ, ಅದೂ ಹೇಳಿಲ್ಲ.
ಆಡು ಮೂಸಿ ನೋಡಿ ಬಿಡತಾವು. ಅಷ್ಟ ಗೊತ್ತು.”
ನಾಲ್ಕು ಹೆಜ್ಜೆ ನಡೆದವಳು ತಿರುಗಿದಳು.
ಮೆಟ್ಟಿಲು ನೋಡಿದಳು, ಬಾವಿ ನೋಡಿದಳು,
ಕೋಲಿನಿಂದ ಗಾಳಿಯಲ್ಲೇ ಒಂದು ಗೋಡೆ ಎಳೆದಳು.
“ಅಡಗಿ ಮನಿ ಇದು ನಮ್ಮದು.
ದಿನಾ ಸಾರಸ್ತಿದ್ದೆ ತಮ್ಮಾ,
ಒಂದ ಹುಲ್ಲಕಡ್ಡಿ ಹುಟ್ಟಾಕ ಬಿಟ್ಟಿದ್ದಿಲ್ಲ.”
ಹೇಳಿ, ಸೀರೆಯ ನಿರಿಗೆ ಎತ್ತಿ ಹಿಡಿದು,
ಹೂವನ್ನು ದಾಟಿ ಕಾಲಿಟ್ಟಳು.

ಷರಾ: ನೇರಿಳೆ ಹೂವು. ಐದು ಎಸಳು. ಹೆಸರು ತಿಳಿದಿಲ್ಲ.
ಸ್ಥಳ: ಅಡುಗೆಮನೆ.

ಎಂಟು ದಿನಕ್ಕೆ ಸೆಕ್ಷನ್ ಆಫೀಸಿನ ಚೀಟಿ ಬಂತು:
‘ಷರಾದಲ್ಲಿ ಅನಗತ್ಯ ಸಂಗತಿ ನಮೂದಿಸತಕ್ಕದ್ದಲ್ಲ.’
ಅಳತೆಗಲ್ಲು ವಾಲಿದರೆ ಬರೆಯಬಹುದು.
ದೋಣಿ ಕಳುವಾದರೆ, ಹೆಣ ತೇಲಿ ಬಂದರೆ.
ದಂಡೆಯ ಮೇಲಿನ ಒಂಟಿ ಮುತ್ತಲಗಿಡ
ಒಂದೂ ಎಲೆ ಉಳಿಸಿಕೊಳ್ಳದೆ ಹೊತ್ತಿಕೊಂಡರೆ,
ಗುಲಾಬಿ ಎದೆಯ ಕಬ್ಬಕ್ಕಿಗಳ ಹಿಂಡು ಅದರೊಳಗೆ ಬಿದ್ದು
ಮೂತಿಗೆಲ್ಲ ಪರಾಗ ಮೆತ್ತಿಕೊಂಡು ಜಗಳಾಡಿದರೆ
ಬರೆಯುವ ಹಾಗಿಲ್ಲ.
ಬರೆಯಲಿಲ್ಲ. ಬರೆಯದೆಯೇ ಅರ್ಧ ತಾಸು ನಿಂತೆ.

ಹುಣ್ಣಿಮೆ ಹತ್ತಿರ ಬಂತು.
ಬಾಗಲಕೋಟೆಯ ಕಡೆಯಿಂದ ಹಲಗಿ ಸದ್ದು
ನೀರಿನ ಮೇಲೆ ಜಾರಿ ಜಾರಿ ಬರುತ್ತಿತ್ತು;
ಬಂದಾಗೆಲ್ಲ ಹಕ್ಕಿಗಳು ಕತ್ತು ಎತ್ತುತ್ತಿದ್ದವು,
ಒಟ್ಟಿಗೆ, ಆ ಕಡೆಗೆ.
ಆಮೇಲೆ ಕತ್ತು ಎತ್ತಿದ್ದು ಸದ್ದಿಗಲ್ಲ ಅನ್ನಿಸಿತು.

ಬಲೆ ಬಿಡಿಸುತ್ತ ಲಾಡ್ಲೇಮಶಾಕ ಹೇಳಿದ:
“ನಿನ್ನೆ ರಾತ್ರಿ ಹೋದ್ವರೀ.
ನಡುನೀರಾಗಿದ್ದೆ. ತಲೀ ಮ್ಯಾಲಿಂದ ಹೋದ್ವು.
ಕತ್ತಲಾಗ ಒಂದ ಓಣಿ ಮಂದಿನ
ಗಂಟು ಮೂಟಿ ಕಟಗೊಂಡು ಮಾತಾಡಕೋತ ನಡದಂಗ.”
“ಎಷ್ಟಿದ್ದವು?”
“ಬ್ಯಾಟರಿ ಹಾಕಲಿಲ್ಲರೀ.
ಹೋಗವರ ಮಾರಿಗೆ ಬೆಳಕ ಬಿಡಬಾರದು.”
ಮತ್ತೇನೂ ಹೇಳದೆ ಬಲೆಯ ಗಂಟಿಗೆ ಹಲ್ಲು ಹಚ್ಚಿದ.

ಮರುದಿನ ಆರೂವರೆ.
ನೀರು ಇನ್ನೂ ಎರಡು ಬೆರಳು ಹಿಂದೆ ಸರಿದಿತ್ತು.
ಕೆಸರಿನಲ್ಲಿ ಮೂರು ಬೆರಳಿನ ಹೆಜ್ಜೆಗಳು, ಸಾವಿರಾರು,
ಒಣಗಲು ಶುರುವಾಗಿದ್ದವು, ಅಂಚು ಗಟ್ಟಿಯಾಗಿ.
ಅಡುಗೆಮನೆಗೆ ಹೋಗಿ ಬಂದೆ.
ಹೂವು ಉದುರಿ ಅಲ್ಲಿ ಸಾಸಿವೆಯಂಥ ಒಂದು ಕಾಯಿ.
ಬಾವಿಯವರೆಗೆ ನಡೆದೆ, ಆಚೆ ದಂಡೆ ನೋಡಿದೆ,
ಬಿಸಿಲು ಏರುವ ತನಕ ಮೇಲೆ ನೋಡಿದೆ.
ಆಮೇಲೆ ಬಂದು ರಜಿಸ್ಟರು ತೆಗೆದು
ತಾರೀಖು, ವೇಳೆ, ಮಟ್ಟ ತುಂಬಿಸಿ
ಷರಾದ ಕೆಳಗೆ ‘ಏನೂ ಇಲ್ಲ’ ಎಂದು ಬರೆದೆ.

ಹನ್ನೊಂದು ವರ್ಷದಲ್ಲಿ ಮೊದಲ ಸಲ
ನೋಡಿ ಬರೆದೆ.